ಅಪ್‌ಡೌನ್ ಪಟ್ಟಣ ಬೆಳೆಯುವ ಬಗೆ: ಶಹಾಬಾದಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಗೆ ಹೋಗುವ ಬೆಳಗಿನ ಗಾಡಿಯಲ್ಲಿ, ವಾರ್ಡಿನ ಸಭೆಗಳಲ್ಲಿ ಮತ್ತು ಪರಿಚಿತರ ಪತ್ರಗಳಲ್ಲಿ ಹಲವು ವರ್ಷಗಳಿಂದ ನನ್ನೆದುರು ಬರುತ್ತಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಉದಾಹರಣೆಗಳೆಲ್ಲ ಹೆಚ್ಚಾಗಿ ಶಹಾಬಾದಿನವು. ಆದರೆ ವಾಡಿ, ಕಮಲಾಪುರದಂಥ ಊರುಗಳಲ್ಲಿ ಇದ್ದುಕೊಂಡು ದಿನವೂ ಕಲಬುರಗಿಗೆ ಓಡಾಡುವವರಿಗೂ ಉತ್ತರಗಳ ಬಹುಪಾಲು ಹೊಂದುತ್ತದೆ.

## ಮೊದಲಿನ ಪ್ರಶ್ನೆಗಳು

ಶಹಾಬಾದ್ ಅಂದ್ರ ಕಾರ್ಖಾನಿ ಊರಲ್ಲೇನ್ರಿ? ಅಪ್‌ಡೌನ್ ಊರು ಅಂತ ಯಾಕ ಅಂತೀರಿ?

ದುಡಿಯಲು ಅಥವಾ ಓದಲು ಬೆಳಿಗ್ಗೆ ಬೇರೆ ಊರಿಗೆ ಹೋಗಿ, ಸಂಜೆ ಮರಳುವವರ ಪಾಲು ದೊಡ್ಡದಾಗಿರುವ ಪಟ್ಟಣವನ್ನು ನಮ್ಮ ಭಾಗದಲ್ಲಿ ಅಪ್‌ಡೌನ್ ಊರು ಎನ್ನುತ್ತೇವೆ. ಶಹಾಬಾದ್ ಹುಟ್ಟಿದ್ದು ಹಾಗಲ್ಲ. ಮುಂಬೈ ಕಡೆಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರು ಮುಟ್ಟಿದ ಮೇಲೆ ಇಲ್ಲಿನ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು ದೂರದ ಊರುಗಳ ಅಂಗಳ ಸೇರಿತು; 1920ರ ದಶಕದಲ್ಲಿ ಸಿಮೆಂಟ್ ತಯಾರಿಕೆ ಬಂತು; ಆಮೇಲೆ ಬಾಯ್ಲರ್ ಕಟ್ಟುವ ಕಾರ್ಖಾನೆ ಬಂತು. ಆಗ ಮಂದಿ ಕೆಲಸ ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರು. ಕಾರ್ಖಾನೆಗಳ ಸೈರನ್ ಸಣ್ಣದಾಗುತ್ತ ಹೋದಂತೆ, ಅತ್ತ ಕಲಬುರಗಿಯಲ್ಲಿ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಇಎಸ್‌ಐ ವೈದ್ಯಕೀಯ ಕಾಲೇಜು, ವಿಭಾಗೀಯ ಕಚೇರಿಗಳು ಒಂದೊಂದಾಗಿ ಬೆಳೆದಂತೆ ಓಡಾಟದ ದಿಕ್ಕು ತಿರುಗಿತು.

ಎದುರು ದಿಕ್ಕಿನ ಓಡಾಟವೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2018ರಲ್ಲಿ ಶಹಾಬಾದ್ ತಾಲ್ಲೂಕು ಕೇಂದ್ರವಾದ ಮೇಲೆ ಇಲ್ಲಿನ ಕಚೇರಿ, ಶಾಲೆ, ಬ್ಯಾಂಕುಗಳಲ್ಲಿ ಕೆಲಸ ಮಾಡುವವರಲ್ಲಿ ಅನೇಕರು ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಇಲ್ಲಿಗೆ ಬಂದು ಹೋಗುತ್ತಾರೆ. ಇಲ್ಲಿಯೇ ಸಂಬಳ ಪಡೆಯುವವರು ಇಲ್ಲಿ ಏಕೆ ಮನೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗದ ಹೊರತು, ಊರಿನ ಬೆಳವಣಿಗೆಗೆಂದು ಬರೆಯುವ ಯಾವ ಯೋಜನೆಯೂ ಕಾಗದದಿಂದ ಕೆಳಗಿಳಿಯುವುದಿಲ್ಲ ಎಂದು ನಾನು ತಿಳಿದಿದ್ದೇನೆ.

ಊರು ತಾನಾಗೇ ಬೆಳೀತದ. ಅದಕ್ಕ ಯೋಜನಾ ಯಾಕ ಬೇಕು?

ತಾನಾಗಿ ಬೆಳೆಯುವ ಊರು ರಸ್ತೆಯುದ್ದಕ್ಕೆ ಬೆಳೆಯುತ್ತದೆ. ಕಲಬುರಗಿ ರಸ್ತೆಯ ಎರಡೂ ಬದಿಗೆ ಮೊದಲು ಡಾಬಾ, ಆಮೇಲೆ ಗ್ಯಾರೇಜು, ಆಮೇಲೆ ಹೊಲದ ನಡುವೆ ಕಲ್ಲು ನೆಟ್ಟು ಸುಣ್ಣ ಬಳಿದ ಪ್ಲಾಟುಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿಗೆ ನೀರಿನ ಪೈಪು, ಗಟಾರು, ಬೀದಿದೀಪ, ಕಸದ ಗಾಡಿ ಮುಟ್ಟಿಸುವ ಖರ್ಚು ಪ್ಲಾಟು ಮಾರಿದವನ ಜೇಬಿನಿಂದ ಹೋಗದೆ ನಗರಸಭೆಯ ತಲೆಯ ಮೇಲೆ, ಅಂದರೆ ಹಳೆಯ ಊರಿನಲ್ಲಿ ನಿಯತ್ತಾಗಿ ತೆರಿಗೆ ಕಟ್ಟುವವರ ತಲೆಯ ಮೇಲೆ ಬೀಳುತ್ತದೆ. ಈ ಖರ್ಚನ್ನು ಮುಂಚಿತವಾಗಿ ಕಂಡುಕೊಂಡು, ಊರು ಮೊದಲು ಎತ್ತ ತುಂಬಬೇಕು, ಎತ್ತ ಸದ್ಯಕ್ಕೆ ಹೋಗಬಾರದು ಎಂದು ಹೇಳುವುದೇ ಯೋಜನೆಯ ಕೆಲಸ.

ಮಾಸ್ಟರ್ ಪ್ಲಾನ್ ನಕ್ಷಾದಾಗ ನಮ್ಮ ಹೊಲ ಹಸಿರು ಬಣ್ಣದಾಗ ಅದ. ಹಂಗಂದ್ರೇನು?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಸ್ಥಳೀಯ ಯೋಜನಾ ಪ್ರಾಧಿಕಾರ ಮಹಾಯೋಜನೆಯನ್ನು ತಯಾರಿಸುತ್ತದೆ. ಅದರ ಭೂಬಳಕೆಯ ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವ್ಯಾಪಾರ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಶಾಲೆ, ಆಸ್ಪತ್ರೆ, ಕಚೇರಿಗಳಂಥ ಸಾರ್ವಜನಿಕ ಬಳಕೆ. ಹಸಿರಿನಲ್ಲಿ ಎರಡು ಬಗೆಯುಂಟು: ಉದ್ಯಾನದ ಹಸಿರು ಒಂದು, ಕೃಷಿಯ ಹಸಿರು ಇನ್ನೊಂದು. ಎರಡನ್ನೂ ಒಂದೆಂದು ಓದಿ ಗಾಬರಿಯಾದವರನ್ನು ನೋಡಿದ್ದೇನೆ. ಆದ್ದರಿಂದ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನು ಮೊದಲು ನೋಡಬೇಕು. ಕೃಷಿಯ ಹಸಿರಿದ್ದರೆ ನಿಮ್ಮ ಉಳುಮೆಗೆ ಯಾವ ಅಡ್ಡಿಯೂ ಇಲ್ಲ, ಮಾಲೀಕತ್ವವೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಅಲ್ಲಿ ಬಡಾವಣೆ ಮಾಡಬೇಕಾದರೆ ಭೂಬಳಕೆ ಬದಲಾವಣೆಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು.

ಬಣ್ಣಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಗೆರೆಗಳನ್ನು. ಉದ್ದೇಶಿತ ರಸ್ತೆಯ ಗೆರೆ ನಿಮ್ಮ ಸರ್ವೆ ನಂಬರಿನ ಮೇಲೆ ಹಾಯ್ದಿದ್ದರೆ ಬಣ್ಣ ಯಾವುದಿದ್ದರೂ ಅದೇ ದೊಡ್ಡ ಸಂಗತಿ.

## ಪ್ಲಾಟು, ನೆಲ, ನೀರು

ಎನ್.ಎ. ಆಗ್ಯದ ಅಂತ ನಂಬಿ ಪ್ಲಾಟ್ ತಗೊಂಡೀವಿ. ಇನ್ನೂ ಗಟಾರಿಲ್ಲ, ರೋಡಿಲ್ಲ. ತಪ್ಪು ಯಾರದು?

ಈ ಪ್ರಶ್ನೆಯಷ್ಟು ಸಲ ಇನ್ನಾವುದೂ ಬಂದಿಲ್ಲ. ಎನ್.ಎ. ಎಂದರೆ ಭೂಕಂದಾಯ ಕಾಯ್ದೆ, 1964ರ 95ನೆಯ ಕಲಮಿನಂತೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿದ್ದು, ಅಷ್ಟೇ. ಆ ಜಮೀನನ್ನು ಪ್ಲಾಟುಗಳಾಗಿ ತುಂಡು ಮಾಡಲು ಯೋಜನಾ ಕಾಯ್ದೆಯ 17ನೆಯ ಕಲಮಿನಂತೆ ಬಡಾವಣೆ ನಕ್ಷೆಗೆ ಅನುಮೋದನೆ ಬೇಕು. ಅನುಮೋದಿತ ನಕ್ಷೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳು ಬೇರೆಯಾಗಿರುತ್ತವೆ, ಅವು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗುತ್ತವೆ, ಗಟಾರು ಮತ್ತು ರಸ್ತೆಗಳನ್ನು ಬಡಾವಣೆ ಮಾಡಿದವನೇ ಮಾಡಿಕೊಡಬೇಕಾಗುತ್ತದೆ. ಎನ್.ಎ. ಆದೇಶದ ಜೆರಾಕ್ಸು ತೋರಿಸಿ, ಈ ಎರಡನೆಯ ಹಂತವನ್ನು ದಾಟಿಯೇ ಇಲ್ಲದ ಪ್ಲಾಟು ಮಾರುವುದು ನಮ್ಮ ಕಡೆ ಮಾಮೂಲಾಗಿಬಿಟ್ಟಿದೆ.

ನಾನೂ ಮೋಸ ಹೋದವನೇ. ಮನೆಯವರ ಒತ್ತಾಯಕ್ಕೆ 30×40ರ ಒಂದು ಪ್ಲಾಟು ಹಿಡಿದೆ. ಬಣ್ಣದ ನಕ್ಷೆಯಲ್ಲಿ ಅದರ ಎದುರಿಗೆ ಉದ್ಯಾನವಿತ್ತು. ಎರಡು ಮಳೆಗಾಲ ಕಳೆದು ಹೋಗಿ ನೋಡಿದರೆ ಉದ್ಯಾನದ ಜಾಗದಲ್ಲಿ ಮೂರು ಹೊಸ ಗಡಿಕಲ್ಲುಗಳು, ಅವುಗಳ ನಡುವೆ ಯಾರದೋ ತೊಗರಿ ಕಟ್ಟಿಗೆಯ ಬಣವೆ. ಮಾರಿದವರ ಫೋನು ಅಂದಿನಿಂದ ಸ್ವಿಚ್ ಆಫ್. ನನ್ನ ಕೈಯಲ್ಲಿದ್ದ ನಕ್ಷೆಯ ಮೇಲೆ ಪ್ರಾಧಿಕಾರದ ಮೊಹರೇ ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆಮೇಲೆ.

ಆದ್ದರಿಂದ ಹಣ ಕೊಡುವ ಮೊದಲು ಪರಿವರ್ತನೆ ಆದೇಶ, ಮೊಹರಿರುವ ಬಡಾವಣೆ ನಕ್ಷೆ, ಉದ್ಯಾನ ಮತ್ತು ರಸ್ತೆ ಬಿಟ್ಟುಕೊಟ್ಟ ದಾಖಲೆ, ಇ-ಖಾತಾ ಇವಿಷ್ಟನ್ನೂ ನೋಡಲೇಬೇಕು. ಒಟ್ಟು ಜಮೀನು 500 ಚದರ ಮೀಟರಿಗಿಂತ ಹೆಚ್ಚಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ನೋಂದಣಿಯೂ ಆಗಿರಬೇಕು.

ಹೊಲ ಹೋದ್ರ ಹೋಗಲಿ, ರೇಟ್ ಬಂದ್ರ ಸಾಕಲ್ಲ? ಊರು ಹೊರಗ ಬೆಳೆದ್ರ ತಪ್ಪೇನು?

ಮಾರುವ ಹಕ್ಕು ರೈತನದು, ಅದರ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಎರೆ ಭೂಮಿ ತೊಗರಿಗೆ ಎಷ್ಟು ಒಳ್ಳೆಯದೋ ಮನೆಗೆ ಅಷ್ಟೇ ಕೆಟ್ಟದ್ದು. ಮಳೆ ಬಿದ್ದಾಗ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲಕ್ಕೆ ಬಿರುಕು ಬಿಡುತ್ತದೆ. ಅಡಿಪಾಯವನ್ನು ಕೆಳಗಿನ ಗಟ್ಟಿ ಪದರಕ್ಕೆ ಮುಟ್ಟಿಸದೆ ಕಟ್ಟಿದ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಹಳೆಯ ಊರು ಇರುವುದು ಬಹುಮಟ್ಟಿಗೆ ಕಲ್ಲಿನ ಮೇಲೆ. ನಮ್ಮ ಹಿರಿಯರಿಗೆ ಮಣ್ಣು ಪರೀಕ್ಷೆಯ ವರದಿ ಬೇಕಿರಲಿಲ್ಲ, ಉಳಲು ಬಾರದ ನೆಲದ ಮೇಲೆ ಮನೆ ಕಟ್ಟಬೇಕೆಂಬ ಬುದ್ಧಿಯಿತ್ತು. ಹಳೆಯ ಊರಿನೊಳಗೆ ಪಾಳು ಬಿದ್ದ ಮನೆ, ಬೀಗ ಹಾಕಿದ ಗೋದಾಮು, ಖಾಲಿ ನಿವೇಶನಗಳು ಇರುವ ತನಕ ಹೊರಗೆ ಹೋಗುವುದು ದುಬಾರಿ ದಾರಿಯೇ ಸರಿ.

ಹಳೇ ಖಣಿ ತಗ್ಗು ಮುಚ್ಚಿ ಮನಿ ಕಟ್ಟಬಹುದೇನು?

ಬೇಡ. ಶಹಾಬಾದ್ ಕಲ್ಲು ಪದರಪದರವಾಗಿ ಏಳುವ ಸುಣ್ಣಕಲ್ಲು. ತೆಗೆದ ಮೇಲೆ ಉಳಿದ ತಗ್ಗಿಗೆ ಒಡೆದ ಚೂರು, ಕಟಿಂಗ್ ಮಷೀನಿನ ಬಿಳಿ ರಾಡಿ, ಊರಿನ ಕಸ ಎಲ್ಲವೂ ಬಂದು ಬೀಳುತ್ತವೆ. ಈ ತುಂಬು ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ನೀರು ನಿಲ್ಲುವ ತಗ್ಗುಗಳನ್ನು ಮಳೆನೀರಿನ ಕೆರೆಗಳಾಗಿ ಉಳಿಸಿಕೊಂಡು, ಸುತ್ತ ಬೇಲಿ ಹಾಕಿ, ದಂಡೆಗೆ ಬೇವು, ಹೊಂಗೆ ಹಚ್ಚುವುದು ಉತ್ತಮ. ಬೇಲಿಯನ್ನು ಮಾತ್ರ ಮರೆಯಬಾರದು, ಈಜಲು ಇಳಿದ ಹುಡುಗರು ಮುಳುಗುವುದು ಇಂಥ ತಗ್ಗುಗಳಲ್ಲೇ. ನೀರು ನಿಲ್ಲದ ತಗ್ಗುಗಳನ್ನು ಚೆನ್ನಾಗಿ ತುಂಬಿಸಿ ದಮ್ಮಸು ಮಾಡಿದರೆ ಆಟದ ಮೈದಾನಕ್ಕೆ, ಸಂತೆಗೆ, ಲಾರಿ ನಿಲ್ಲಿಸುವ ಜಾಗಕ್ಕೆ ಒದಗುತ್ತವೆ.

ಇನ್ನೂ ಹತ್ತು ಸಾವಿರ ಮಂದಿ ಬಂದ್ರ ನೀರು ಎಲ್ಲಿಂದ ತರ್ತೀರಿ?

ಲೆಕ್ಕ ಸರಳ. ಒಳಚರಂಡಿ ಇರುವ ಪಟ್ಟಣಕ್ಕೆ ತಲಾ ದಿನಕ್ಕೆ 135 ಲೀಟರ್ ಎಂಬುದು ದೇಶದಲ್ಲಿ ಒಪ್ಪಿದ ಪ್ರಮಾಣ. 10,000 ಜನಕ್ಕೆ 13.5 ಲಕ್ಷ ಲೀಟರ್. ಬಳಸಿದ್ದರಲ್ಲಿ ಸುಮಾರು 80 ಶೇಕಡಾ ಕೊಳಚೆಯಾಗಿ ಹೊರಬರುತ್ತದೆ, ಅಂದರೆ ದಿನವೂ 10.8 ಲಕ್ಷ ಲೀಟರಿಗೆ ದಾರಿ ಮಾಡಬೇಕು. ನೀರಿನ ಟ್ಯಾಂಕಿನ ಉದ್ಘಾಟನೆಗೆ ಶಾಮಿಯಾನ ಹಾಕುವ ನಾವು ಈ ಎರಡನೆಯ ಅಂಕಿಯನ್ನು ಕೇಳುವುದೇ ಇಲ್ಲ. ಆ ಕೊಳಚೆ ಹಳ್ಳಕ್ಕೆ, ಹಳ್ಳದಿಂದ ಕಾಗಿಣಾ ನದಿಗೆ, ಕಾಗಿಣಾದಿಂದ ಹೊನಗುಂಟಾದ ಸಂಗಮದಲ್ಲಿ ಭೀಮೆಗೆ ಹೋಗುತ್ತದೆ, ಮುಂದಿನ ಊರಿನವರು ಅದನ್ನೇ ಎತ್ತಿ ಕುಡಿಯುತ್ತಾರೆ.

ಬೇಸಿಗೆಯಲ್ಲಿ ಕಾಗಿಣಾ ಬತ್ತಿ ಕಲ್ಲು ಕಾಣುವುದರಿಂದ ನದಿಯೊಂದನ್ನೇ ನೆಚ್ಚಿ ಊರು ಹಿಗ್ಗಿಸುವಂತಿಲ್ಲ. ಸೋರುವ ಹಳೆಯ ಪೈಪುಗಳನ್ನು ಬದಲಿಸುವುದು, ಖಣಿ ತಗ್ಗುಗಳಲ್ಲಿ ಮಳೆನೀರು ಹಿಡಿಯುವುದು, ಶುದ್ಧೀಕರಿಸಿದ ಕೊಳಚೆ ನೀರನ್ನು ಕಲ್ಲು ಕೊಯ್ಯುವ ಘಟಕಗಳಿಗೆ ಕೊಡುವುದು ಹೊಸ ಮೂಲ ಹುಡುಕುವುದಕ್ಕಿಂತ ಅಗ್ಗ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದವರು ನೆಲದಡಿ ಸುರಂಗ ಕೊರೆದು ನೀರು ಹರಿಸಿದ ಕರೇಜನ್ನು ಒಮ್ಮೆ ಇಳಿದು ನೋಡಿದವರಿಗೆ, ಒಣನಾಡಿನಲ್ಲಿ ನೀರನ್ನು ಹೇಗೆ ಲೆಕ್ಕವಿಟ್ಟು ಬಳಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

## ನಿಲ್ದಾಣ, ಬಸ್ಸು, ಬಜಾರು

ಸ್ಟೇಷನ್ ಚಲೋ ಮಾಡಿದ್ರ ಊರು ಚಲೋ ಆಗ್ತದೇನು?

ಶಹಾಬಾದ್ ನಿಲ್ದಾಣ ರೈಲ್ವೆಯ ಅಮೃತ ಭಾರತ ಯೋಜನೆಯಲ್ಲಿ ಸೇರಿದೆ, ಒಳ್ಳೆಯದು. ಆದರೆ ಪ್ರಯಾಣಿಕನ ಕಷ್ಟ ನಿಲ್ದಾಣದ ಗೇಟಿನ ಹೊರಗೆ ಶುರುವಾಗುತ್ತದೆ. ಸಂಜೆಯ ಗಾಡಿ ಬಂದು ನಿಂತಾಗ ಒಮ್ಮೆ ಅಲ್ಲಿ ನಿಂತು ನೋಡಿ. ಮೊದಲ ಎರಡು ನಿಮಿಷ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಜನವೋ ಜನ. ಗಡಿಬಿಡಿಯವರು ಹಳಿ ದಾಟುತ್ತಾರೆ. ಹೊರಗೆ ಟಂಟಂಗಳು (ಸವಾರಿ ಆಟೋಗಳು) ಮೂತಿ ಒಳಗೆ ಚಾಚಿ ನಿಂತಿರುತ್ತವೆ. ಎಂಟನೆಯ ಸವಾರಿ ಸಿಗುವ ತನಕ ಯಾವುದೂ ಹೊರಡುವುದಿಲ್ಲ. ಫಾರ್ಮಸಿ ಕಾಲೇಜಿನ ಬಿಳಿ ಏಪ್ರನ್ನು ಕೈಯಲ್ಲಿ ಮಡಚಿ ಹಿಡಿದ ಹುಡುಗಿಯೊಬ್ಬಳು ಟಂಟಂ ತುಂಬುವುದನ್ನು ಕಾಯಲೋ, ದೀಪವಿಲ್ಲದ ಗೋಡೆಯುದ್ದಕ್ಕೆ ನಡೆದೇ ಹೋಗಲೋ ಎಂದು ಲೆಕ್ಕ ಹಾಕುತ್ತಿರುತ್ತಾಳೆ. ಹದಿನೈದು ನಿಮಿಷ ಕಳೆದರೆ ಚೌಕ ಖಾಲಿ, ಚಹಾದವನು ಸ್ಟೋವ್ ಆರಿಸುತ್ತಾನೆ.

ಆ ಹುಡುಗಿಯ ಮನೆ ತಲುಪುವ ದಾರಿಯೇ ನನ್ನ ಮಟ್ಟಿಗೆ ಪಟ್ಟಣ ಯೋಜನೆಯ ಮೊದಲ ಹಾಳೆ. 2017ರ ರಾಷ್ಟ್ರೀಯ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿ ನಿಲ್ದಾಣದ ಸುತ್ತ 500ರಿಂದ 800 ಮೀಟರ್ ಅಂತರವನ್ನು ನಡೆದು ಮುಟ್ಟಬಲ್ಲ ವಲಯವೆಂದು ಹಿಡಿಯುತ್ತದೆ. ಆ ನೀತಿ ಬರೆದದ್ದು ಮೆಟ್ರೊ ಇರುವ ಮಹಾನಗರಗಳನ್ನು ಕಣ್ಣಲ್ಲಿಟ್ಟುಕೊಂಡು, ಆದರೆ ಅಳತೆ ನಮಗೂ ಹೊಂದುತ್ತದೆ. 800 ಮೀಟರ್ ಎಂದರೆ ಹತ್ತು ನಿಮಿಷದ ನಡಿಗೆ. ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ನೆರಳಿಲ್ಲದೆ ಅದು ಹತ್ತು ನಿಮಿಷವೂ ಅಲ್ಲ, ನಡಿಗೆಯೂ ಅಲ್ಲ. ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ, ಬಜಾರಿಗೆ, ಸರ್ಕಾರಿ ಆಸ್ಪತ್ರೆಗೆ ಹೋಗುವ ಮೂರು ದಾರಿಗಳಿಗೆ ನಮ್ಮದೇ ಫರ್ಸಿ ಹಾಸಿದ ಕಾಲುದಾರಿ, ಸಾಲುಮರ, ಉರಿಯುವ ದೀಪ ಇಷ್ಟನ್ನು ಕೊಟ್ಟರೆ, ಕೋಟಿ ಖರ್ಚಿನ ಪ್ರವೇಶದ್ವಾರಕ್ಕಿಂತ ಹೆಚ್ಚು ಬದಲಾವಣೆಯಾಗುತ್ತದೆ. ನುಣುಪು ಮಾಡಿದ ಕಲ್ಲು ಮಾತ್ರ ಬೇಡ, ಮಳೆಯಲ್ಲಿ ಜಾರುತ್ತದೆ.

ರೈಲು ಜಾಸ್ತಿ ಬಿಡಿಸಿದ್ರ ಸಾಕಲ್ಲ? ಬಸ್ಸಿಂದೇನು ದೊಡ್ಡ ಮಾತು?

ಕಲಬುರಗಿಗೆ ರೈಲಿನಲ್ಲಿ ಅರ್ಧ ಗಂಟೆ ಸಾಕು, ಆದರೆ ಈ ಹಳಿ ಮುಂಬೈ–ಚೆನ್ನೈ ಮುಖ್ಯ ಮಾರ್ಗದ್ದು. ದೂರದ ಗಾಡಿ ತಡವಾದರೆ ನಮ್ಮ ಗಾಡಿ ನಿಲ್ದಾಣದ ಹೊರಗಿನ ಔಟರ್ ಸಿಗ್ನಲಿನಲ್ಲಿ ನಿಲ್ಲಬೇಕು. ಆದ್ದರಿಂದ ಎಷ್ಟು ರೈಲು ಎನ್ನುವುದಕ್ಕಿಂತ, ಕಚೇರಿ ಮತ್ತು ಕಾಲೇಜಿನ ಹೊತ್ತಿಗೆ ನಂಬಬಹುದಾದ ಎರಡು ಗಾಡಿ ಇವೆಯೇ ಎನ್ನುವುದು ಮುಖ್ಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳು ಬಸ್ಸಿನ ಕಡೆ ತಿರುಗಿದ್ದಾರೆ. ಮನೆಯಲ್ಲಿ ಗಂಡ ರೈಲಿಗೆ, ಹೆಂಡತಿ ಬಸ್ಸಿಗೆ ಎಂಬುದು ಈಗ ಸಾಮಾನ್ಯ ನೋಟ. ಎರಡರ ವೇಳಾಪಟ್ಟಿ ಒಂದನ್ನೊಂದು ನೋಡಿಕೊಂಡು ಇರಬೇಕು, ಕೊನೆಯ ಗಾಡಿ ತಪ್ಪಿದವರಿಗೆ ಕೊನೆಯ ಬಸ್ಸು ಸಿಗಬೇಕು.

ರೋಡ್ ಅಗಲ ಮಾಡಾಗ ಬಂಡಿಯವರನ್ನ ತೆಗೀಬೇಕಲ್ಲ?

ಹಾಗೆಯೇ ಎತ್ತಿಹಾಕುವಂತಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ, 2014ರಂತೆ ಸಮೀಕ್ಷೆ, ಗುರುತಿನ ಚೀಟಿ ಮತ್ತು ಪಟ್ಟಣ ವ್ಯಾಪಾರ ಸಮಿತಿ ಕಡ್ಡಾಯ. ಸ್ಥಳಾಂತರಕ್ಕೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಸಂಜೆ ಇಳಿದವರು ಮನೆಗೆ ಹೋಗುವ ದಾರಿಯಲ್ಲೇ ಕೊತ್ತಂಬರಿ ಸಿಗುವುದು ಊರಿಗೆ ಅನುಕೂಲವೇ ಹೊರತು ಅಡ್ಡಿಯಲ್ಲ; ಅದನ್ನು ಮಾರುವವಳ ಬುಟ್ಟಿಗೆ ಒಂದು ಗೊತ್ತಾದ ಜಾಗ ಬೇಕು, ಅಷ್ಟೇ.

## ಮರುಜೀವ, ಅಧಿಕಾರ, ಹಣ

ಮುಚ್ಚಿದ ಕಾರ್ಖಾನಿ ಜಾಗಾ, ಕ್ವಾರ್ಟರ್ಸ್ ಎಲ್ಲಾ ಹಂಗೇ ಬಿದ್ದಾವ. ಅಲ್ಲಿ ಏನರೆ ಮಾಡಬಾರದಾ?

ಮಾಡಬೇಕು, ಆದರೆ ಮೂರು ಗಂಟುಗಳನ್ನು ಬಿಚ್ಚಬೇಕು. ಮೊದಲನೆಯದು ಒಡೆತನ: ಇಂಥ ಜಮೀನಿನ ಮೇಲೆ ಬ್ಯಾಂಕಿನ ಸಾಲ, ಕಾರ್ಮಿಕರ ಬಾಕಿ, ಕೋರ್ಟಿನ ತಡೆ ಎಲ್ಲವೂ ಇರಬಹುದು. ಎರಡನೆಯದು ಭೂಬಳಕೆ: ನಕ್ಷೆಯಲ್ಲಿ ನೇರಳೆಯಾಗಿರುವುದನ್ನು ಮಿಶ್ರ ಬಳಕೆಗೆ ತರಬೇಕು. ಮೂರನೆಯದು ನೆಲದ ಸ್ಥಿತಿ: ಹಳೆಯ ಕಾರ್ಖಾನೆಗಳಲ್ಲಿ ಕಲ್ನಾರು ತಗಡು, ಎಣ್ಣೆ ಕುಡಿದ ಮಣ್ಣು ಇರುತ್ತವೆ, ಅವನ್ನು ಪರೀಕ್ಷಿಸದೆ ಶಾಲೆ ಕಟ್ಟಬಾರದು.

ಕ್ವಾರ್ಟರ್ಸ್ ಕಥೆ ಬೇರೆ. ಅಗಲ ಬೀದಿ, ದೊಡ್ಡ ಬೇವಿನ ಮರ, ಹಿತ್ತಲು, ಹತ್ತಿರದಲ್ಲೇ ಮೈದಾನ ಇವೆಲ್ಲ ಅಲ್ಲಿ ಈಗಾಗಲೇ ಇವೆ. ಹೊಸ ಬಡಾವಣೆಯವರು ಬಣ್ಣದ ಕಾಗದದಲ್ಲಿ ಮಾರುವುದು ಇದನ್ನೇ. ಕಲಬುರಗಿಯಿಂದ ಬಂದು ಹೋಗುವ ಶಿಕ್ಷಕರು, ನರ್ಸುಗಳಿಗೆ ಅವನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವುದು ಪಟ್ಟಣಕ್ಕೆ ನೂರು ಹೊಸ ಪ್ಲಾಟಿಗಿಂತ ಹೆಚ್ಚು ಪ್ರಯೋಜನಕಾರಿ. ಸಂಜೆ ಏಳಕ್ಕೆ ಊರಲ್ಲಿ ಇರುವ ಶಿಕ್ಷಕ ವಾಚನಾಲಯಕ್ಕೆ ಬರುತ್ತಾನೆ, ಅಂಗಡಿಗೆ ಹೋಗುತ್ತಾನೆ, ತನ್ನ ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿ ಆ ಶಾಲೆ ಚೆನ್ನಾಗಿರಲೆಂದು ಜಗಳ ಮಾಡುತ್ತಾನೆ.

ಸ್ಟೇಷನ್ ಹತ್ರ ನಾಲ್ಕು ಮಜಲಿ ಕಟ್ಟಕ್ಕ ಬಿಡಬೇಕೋ ಬ್ಯಾಡೋ?

ಎಫ್.ಎ.ಆರ್. ಎಂದರೆ ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಸಂಖ್ಯೆ. 1,200 ಚದರ ಅಡಿಯ ನಿವೇಶನಕ್ಕೆ 1.75 ಇದ್ದರೆ ಎಲ್ಲ ಮಹಡಿ ಸೇರಿ 2,100 ಚದರ ಅಡಿ ಕಟ್ಟಬಹುದು. ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿ ಇದನ್ನು ಹೆಚ್ಚಿಸುವುದು ಸರಿ. ಆದರೆ ಹಳೆಯ ಊರಿನ ಓಣಿಗಳಲ್ಲಿ ಅಗ್ನಿಶಾಮಕ ಗಾಡಿ ಒಳಗೆ ಬಾರದಿದ್ದರೆ ಎತ್ತರ ಬೇಡ. ರಸ್ತೆಯ ಅಗಲ ಮತ್ತು ಒಳಚರಂಡಿಯ ಸಾಮರ್ಥ್ಯ ನೋಡಿಯೇ ಸಂಖ್ಯೆ ನಿರ್ಧಾರವಾಗಬೇಕು. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ ಎಂಬ ಹಳೆಯ ಬಜಾರಿನ ಮಾದರಿ ಇಲ್ಲಿ ಇನ್ನೂ ನಡೆಯುತ್ತದೆ.

ರೈತರ ಹೊಲ ಕಸಗೊಳ್ಳದೆ ಹೊಸ ಬಡಾವಣಿ ಮಾಡಕ್ಕ ದಾರಿ ಇಲ್ಲೇನು?

ಇದೆ. 1961ರ ಕಾಯ್ದೆಯಲ್ಲೇ ನಗರ ಯೋಜನಾ ಸ್ಕೀಮಿಗೆ ಒಂದು ಅಧ್ಯಾಯವಿದೆ. ಅಕ್ಕಪಕ್ಕದ ಹೊಲಗಳನ್ನು ಒಟ್ಟುಗೂಡಿಸಿ, ರಸ್ತೆ, ಉದ್ಯಾನ, ಶಾಲೆಗೆ ಜಾಗ ತೆಗೆದು, ಉಳಿದದ್ದನ್ನು ಅದೇ ಮಾಲೀಕರಿಗೆ ನೆಟ್ಟಗಿನ ನಿವೇಶನಗಳಾಗಿ ಮರಳಿಸುವ ಪದ್ಧತಿ ಇದು. ಉದಾಹರಣೆಗೆ, 10 ಎಕರೆ ಕೊಟ್ಟವನಿಗೆ 6 ಎಕರೆ ಮರಳಿದರೆ, ಅಳತೆ ಕಡಿಮೆಯಾದರೂ ಪ್ರತಿ ತುಂಡಿಗೂ ರಸ್ತೆ ಮತ್ತು ನೀರು ಇರುವುದರಿಂದ ಬೆಲೆ ಏರುತ್ತದೆ. ಗುಜರಾತಿನ ಪಟ್ಟಣಗಳು 1976ರ ತಮ್ಮ ಕಾಯ್ದೆಯಡಿ ಇದನ್ನು ರೂಢಿಯಾಗಿ ಮಾಡುತ್ತ ಬಂದಿವೆ. ನಮ್ಮಲ್ಲಿ ಅಧ್ಯಾಯ ಹಾಳೆಯ ಮೇಲೆಯೇ ಮಲಗಿದೆ. ತೊಡಕು ಕಾನೂನಿನದಲ್ಲ, ಪಹಣಿಯದು: ಅಜ್ಜನ ಹೆಸರಿನಲ್ಲೇ ಉಳಿದ ಹೊಲಕ್ಕೆ ಹನ್ನೊಂದು ಮಂದಿ ವಾರಸುದಾರರಿದ್ದರೆ ಯಾರ ಸಹಿ ಪಡೆಯುವುದು? ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದನ್ನು ಮುಗಿಸದೆ ಇಂಥ ಸ್ಕೀಮಿಗೆ ಕೈ ಹಾಕಬಾರದು.

ಇದಕ್ಕೆಲ್ಲಾ ರೊಕ್ಕ ಎಲ್ಲಿಂದ ಬರಬೇಕು?

ಮೂಲಗಳು ಇವೆ, ಅವು ಒಂದಕ್ಕೊಂದು ಸಂಬಂಧವಿಲ್ಲದೆ ಹರಿಯುತ್ತವೆ. ಸಂವಿಧಾನದ 371(ಜೆ) ವಿಧಿಯಿಂದಾಗಿ ರೂಪುಗೊಂಡ, ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಸುಣ್ಣಕಲ್ಲಿನ ಗಣಿಗಳಿರುವ ತಾಲ್ಲೂಕಿನವರು ಇದನ್ನು ಹಕ್ಕಿನಿಂದ ಕೇಳಬೇಕು, ಏಕೆಂದರೆ ಗಣಿಯಿಂದ ಬಾಧಿತರಾದವರಿಗೆ ಕುಡಿಯುವ ನೀರು, ಆರೋಗ್ಯ, ಪರಿಸರದ ಕೆಲಸಗಳಿಗೆ ಅದರಲ್ಲಿ ಆದ್ಯತೆಯಿದೆ. ನೀರು ಪೂರೈಕೆಗೆ ಕೇಂದ್ರದ 2021ರ ಅಮೃತ್ 2.0 ಯೋಜನೆ ಇದೆ. ಕೊನೆಗೆ ಆಸ್ತಿ ತೆರಿಗೆ: ಚಿಕ್ಕ ಮೊತ್ತವಾದರೂ ವರ್ಷವರ್ಷ ಬರುವ ಹಣ ಇದೊಂದೇ. ಅನುದಾನದಿಂದ ಉದ್ಯಾನ ಕಟ್ಟಬಹುದು, ಅದರ ಗಿಡಕ್ಕೆ ಮೂರನೆಯ ವರ್ಷದ ಬೇಸಿಗೆಯಲ್ಲಿ ನೀರು ಹಾಕುವವನ ಕೂಲಿ ತೆರಿಗೆಯಿಂದಲೇ ಬರಬೇಕು.

ಆಕ್ಷೇಪಣಾ ಬರೆದು ಕೊಟ್ರ ಯಾರು ಓದ್ತಾರ್ರಿ?

ಸರ್ಕಾರ ತಾತ್ಕಾಲಿಕ ಅನುಮೋದನೆ ಕೊಟ್ಟ ಮೇಲೆ ಕರಡು ಮಹಾಯೋಜನೆಯನ್ನು ಪ್ರಕಟಿಸಿ, ಸಾರ್ವಜನಿಕರಿಗೆ 60 ದಿನ ಕೊಡಬೇಕೆಂದು ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಬೇಕು. ಜಾರಿಗೆ ಬಂದ ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಅಂದರೆ ಈ 60 ದಿನ ಕಳೆದುಕೊಂಡರೆ ಮುಂದಿನ ಸರದಿಗೆ ಒಂದು ದಶಕ ಕಾಯಬೇಕಾದೀತು.

"ನಮ್ಮ ವಾರ್ಡಿಗೆ ಅನ್ಯಾಯವಾಗಿದೆ" ಎಂದು ಬರೆದ ಅರ್ಜಿಗೆ "ಪರಿಶೀಲಿಸಲಾಗಿದೆ" ಎಂಬ ಒಂದೇ ಪದ ಉತ್ತರವಾಗಿ ಬರುತ್ತದೆ. ಸರ್ವೆ ನಂಬರು, ನಕ್ಷೆಯ ಹಾಳೆಯ ಸಂಖ್ಯೆ, ಅಲ್ಲಿ ತೋರಿಸಿರುವ ಬಳಕೆ, ಇರಬೇಕಾದ ಬಳಕೆ, ಕಾರಣ, ಸ್ಥಳದ ಫೋಟೊ ಇವನ್ನು ಒಂದು ಪುಟದಲ್ಲಿ ಹೊಂದಿಸಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. ಹಳ್ಳದ ಪಾತ್ರವನ್ನು ವಸತಿ ಎಂದು ತೋರಿಸಿದ್ದರೆ ಮಳೆಗಾಲದ ಫೋಟೊ ಹಚ್ಚಿ. ಬೇಸಿಗೆಯ ಫೋಟೊದಲ್ಲಿ ಅದು ಬಯಲಿನಂತೆಯೇ ಕಾಣುತ್ತದೆ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಟಪಾಲು ವಿಭಾಗದವರು ಊಟಕ್ಕೆ ಎದ್ದು ಹೋಗುವ ಮೊದಲೇ ತಲುಪುವುದು ಒಳ್ಳೆಯದು. ಬೆಳಗಿನ ಗಾಡಿ ಹಿಡಿದರೆ ಸರಿಹೋಗುತ್ತದೆ.